ಸುಳ್ಳು ಅಲಾರಂ ಮತ್ತು ಬಾಸ್ಟನ್ನಿನ ದಾಖಲೆಗಳು

1997ರಲ್ಲಿ ಪ್ರಕಟವಾದ ಒಂದು ಲೆಕ್ಕದಿಂದ ಈ ಚರಿತ್ರೆಯನ್ನು ಶುರು ಮಾಡಬಹುದು. ಅಮೆರಿಕದ ಎಂಐಟಿಯ ಕಂಪ್ಯೂಟರ್ ವಿಜ್ಞಾನ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಕ್ರಿಸ್ಟೀನ್ ತ್ಸಿಯೆನ್, ವೈದ್ಯ ಜೇಮ್ಸ್ ಫ್ಯಾಕ್ಲರ್ ಜೊತೆ ಸೇರಿ, ಬಾಸ್ಟನ್ನಿನ ಮಕ್ಕಳ ಐಸಿಯುನಲ್ಲಿ ಮಾನಿಟರುಗಳು ಎಷ್ಟು ಸಲ ಕೂಗುತ್ತವೆ, ಕೂಗಿದ್ದರಲ್ಲಿ ನಿಜ ಎಷ್ಟು ಎಂದು ಎಣಿಸಿದರು. ಮಂಚದ ಪಕ್ಕ ಒಬ್ಬರನ್ನು ಕೂರಿಸಿ, ಪ್ರತಿಯೊಂದು ಅಲಾರಮ್ಮನ್ನೂ ಆ ಹೊತ್ತಿನ ಮಗುವಿನ ಸ್ಥಿತಿಯನ್ನೂ ಬರೆಸಿಕೊಂಡರು. 298 ಗಂಟೆಗಳಲ್ಲಿ ಸಿಕ್ಕಿದ ಅಲಾರಂಗಳು 2,942. ಅವುಗಳಲ್ಲಿ ನೂರಕ್ಕೆ 86 ಸುಳ್ಳು. 6 ನಿಜವಾದರೂ ಚಿಕಿತ್ಸೆಯ ದೃಷ್ಟಿಯಿಂದ ಲೆಕ್ಕಕ್ಕಿಲ್ಲದವು. ದಾದಿಯೋ ವೈದ್ಯರೋ ಓಡಿಬರಬೇಕಾಗಿದ್ದದ್ದು 8ಕ್ಕೆ ಮಾತ್ರ. ಗಂಟೆಗೆ ಹತ್ತು ಸಲ ಕೂಗಿ ಒಂಬತ್ತು ಸಲ ಸುಮ್ಮನೆ ಕರೆಯುವ ಯಂತ್ರವನ್ನು ಯಾರೂ ಬಹಳ ದಿನ ನಂಬಲಾರರು. ನಂಬಿಕೆ ಹೋದ ಮೇಲೆ ಹತ್ತನೆಯ, ನಿಜವಾದ ಕೂಗಿಗೂ ಯಾರೂ ಬಾರದೇ ಹೋಗಬಹುದು. ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯಗಳು ಐಸಿಯು ಬಾಗಿಲಿಗೆ ಬಂದದ್ದು ಇಂಥ ಕಷ್ಟಗಳನ್ನು ಬಿಡಿಸುತ್ತೇವೆ ಎಂದೇ. ಆ ಚರಿತ್ರೆಯನ್ನು ಒಂದಕ್ಕಿಂತ ಒಂದು ಜಾಣ ಯಂತ್ರಗಳ ಮೆರವಣಿಗೆಯಂತೆ ಹೇಳುವುದು ರೂಢಿ. ನನ್ನ ವಾದ ಬೇರೆ. ರೋಗಿಯ ನಿಗಾ ವಿಷಯದಲ್ಲಿ ಈ ಪ್ರಯೋಗಾಲಯಗಳು ಕೊಟ್ಟ ದೊಡ್ಡ ಕೊಡುಗೆ ಜಾಣ ಯಂತ್ರ ಅಲ್ಲ. ಯಾರು ಬೇಕಾದರೂ ತೆಗೆದುಕೊಂಡು, ಯಾರ ಯಂತ್ರವನ್ನು ಬೇಕಾದರೂ ಪರೀಕ್ಷಿಸಬಹುದಾದ, ತಜ್ಞರು ಕೈಯಾರೆ ಗುರುತು ಹಾಕಿದ ರೋಗಿಗಳ ದಾಖಲೆ.

ಯಂತ್ರಗಳು ಜಾಣವಾಗಿರಲಿಲ್ಲ ಎಂದಲ್ಲ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮೈಸಿನ್ ಎಂಬ ಪ್ರೋಗ್ರಾಂ ಸೋಂಕಿಗೆ ಯಾವ ಆ್ಯಂಟಿಬಯಾಟಿಕ್ ಕೊಡಬೇಕೆಂದು ನಿಯಮಗಳ ಮೂಲಕ ತರ್ಕಿಸಿ ಹೇಳುತ್ತಿತ್ತು. ಅದೇ ಪರಂಪರೆಯಲ್ಲಿ ಲಾರೆನ್ಸ್ ಫೇಗನ್ 1980ರ ಹೊತ್ತಿಗೆ ವಿಎಂ ಎಂಬ ಪ್ರೋಗ್ರಾಂ ಬರೆದರು. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ವೆಂಟಿಲೇಟರಿನಲ್ಲಿರುವ ರೋಗಿಗಳಿಗಾಗಿ, ಸ್ಯಾನ್‌ಫ್ರಾನ್ಸಿಸ್ಕೋದ ಪೆಸಿಫಿಕ್ ಮೆಡಿಕಲ್ ಸೆಂಟರಿನ ಮಾನಿಟರುಗಳಿಂದ ಕೆಲವು ನಿಮಿಷಗಳಿಗೊಮ್ಮೆ ಬರುವ ಸುಮಾರು 30 ಅಳತೆಗಳನ್ನು ಅದು ಓದುತ್ತಿತ್ತು. ಅದರ ಹಿಂದಿನ ವಿಚಾರ ಇವತ್ತಿಗೂ ಮೆಚ್ಚುವಂಥದ್ದು: ಒಂದು ಅಳತೆ ಸಹಜವೋ ಅಸಹಜವೋ ಎಂಬುದು ರೋಗಿ ಯಾವ ಹಂತದಲ್ಲಿದ್ದಾನೆ ಎಂಬುದರ ಮೇಲೆ ನಿಂತಿದೆ. ಉಸಿರಾಟವನ್ನೆಲ್ಲ ಯಂತ್ರವೇ ನಡೆಸುವಾಗ ಸರಿಯೆನಿಸುವ ಸಂಖ್ಯೆ, ರೋಗಿ ತಾನೇ ಉಸಿರೆಳೆಯಲು ತೊಡಗಿದಾಗ ಸರಿಯಲ್ಲದಿರಬಹುದು. ಹಂತ ಬದಲಾದದ್ದನ್ನು ವಿಎಂ ಗುರುತಿಸಿ ತನ್ನ ಮಿತಿಗಳನ್ನೂ ಬದಲಿಸಿಕೊಳ್ಳುತ್ತಿತ್ತು. ಆ ಕಾಲದ ಮಾನಿಟರಿಗೆ ಗೊತ್ತಿದ್ದದ್ದು ಗೆರೆ ದಾಟಿದರೆ ಕೂಗುವುದು ಮಾತ್ರ.

ಆದರೂ ವಿಎಂ ಐಸಿಯುಗಳ ದಿನನಿತ್ಯದ ಸಾಧನ ಆಗಲಿಲ್ಲ. ಮೈಸಿನ್ ಕೂಡ ಆಸ್ಪತ್ರೆಯ ಬಳಕೆಗೆ ಬರಲಿಲ್ಲ. ಕಂಪ್ಯೂಟರ್ ದುಬಾರಿಯಾಗಿತ್ತು, ನಿಯಮಗಳನ್ನು ತಿದ್ದಿ ಕಾಪಾಡುವುದು ಕಷ್ಟವಾಗಿತ್ತು, ತಪ್ಪಾದರೆ ಹೊಣೆ ಯಾರದು ಎಂಬ ಪ್ರಶ್ನೆಯಿತ್ತು. ಇವೆಲ್ಲ ನಿಜವಾದ ಕಾರಣಗಳೇ. ಇವುಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು. ಇಂಥ ಪ್ರೋಗ್ರಾಂ ಚೆನ್ನಾಗಿದೆಯೋ ಇಲ್ಲವೋ ಎಂದು ಹೊರಗಿನವರು ತಿಳಿಯುವ ದಾರಿಯೇ ಇರಲಿಲ್ಲ. ಮೈಸಿನ್‌ನ ಹೆಸರಾಂತ ಪರೀಕ್ಷೆ 1979ರಲ್ಲಿ ಪ್ರಕಟವಾಯಿತು: ಮಿದುಳುಪೊರೆಯ ಸೋಂಕಿನ 10 ರೋಗಿಗಳ ವಿವರ, ತೀರ್ಪು ಹೇಳಲು 8 ಮಂದಿ ತಜ್ಞರು. ಅದರಲ್ಲಿ ಮೈಸಿನ್ ಮನುಷ್ಯ ವೈದ್ಯರಿಗೆ ಸರಿಸಮನಾಗಿ ನಿಂತಿತು. ಆ ಕಾಲಕ್ಕೆ ಅದು ಪ್ರಾಮಾಣಿಕವಾದ, ಜಾಗ್ರತೆಯ ಪರೀಕ್ಷೆ. ಆದರೆ ಇನ್ನೊಂದು ಊರಿನ ಇನ್ನೊಬ್ಬ ಸಂಶೋಧಕ ತನ್ನ ಪ್ರೋಗ್ರಾಮನ್ನು ಅದರ ಪಕ್ಕ ಇಟ್ಟು ನೋಡಬೇಕೆಂದರೆ ಮತ್ತೆ ಹತ್ತು ರೋಗಿಗಳನ್ನೂ ಎಂಟು ತಜ್ಞರನ್ನೂ ಹುಡುಕಬೇಕಿತ್ತು. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕಟ್ಟಲಾಗದ ಕಡೆ ಎಷ್ಟು ಬುದ್ಧಿ ಸುರಿದರೂ ಅದು ಅವರವರ ಕೋಣೆಯಲ್ಲೇ ಉಳಿಯುತ್ತದೆ.

ಇದೇ ವರ್ಷಗಳಲ್ಲಿ ಬಾಸ್ಟನ್ನಿನಲ್ಲಿ ಹೆಚ್ಚು ಸದ್ದಿಲ್ಲದ ಕೆಲಸವೊಂದು ನಡೆದಿತ್ತು. ಎಂಐಟಿ ಮತ್ತು ಬೆತ್ ಇಸ್ರೇಲ್ ಆಸ್ಪತ್ರೆ ಸೇರಿ 1975ರಿಂದ 1979ರವರೆಗೆ ರೋಗಿಗಳ ದಿನವಿಡೀ ಇಸಿಜಿಯನ್ನು ಟೇಪುಗಳಲ್ಲಿ ಹಿಡಿದಿಟ್ಟವು. ಸುಮಾರು 4,000ದಷ್ಟಿದ್ದ ಆ ಟೇಪುಗಳಿಂದ ಅರ್ಧ ಗಂಟೆಯ 48 ತುಣುಕುಗಳನ್ನು ಆರಿಸಲಾಯಿತು. 23 ತುಣುಕುಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ್ದು. ಉಳಿದ 25ನ್ನು, ಅಪರೂಪಕ್ಕೆ ಬಂದರೂ ವೈದ್ಯರು ತಪ್ಪಿಸಿಕೊಳ್ಳಬಾರದ ಲಯದೋಷಗಳು ಅದರಲ್ಲಿ ಇರಲೆಂದು ಹುಡುಕಿ ಹೆಕ್ಕಿದ್ದು. ರೋಗಿಗಳು 47 ಮಂದಿ, 32ರಿಂದ 89 ವಯಸ್ಸಿನ 25 ಗಂಡಸರು, 23ರಿಂದ 89 ವಯಸ್ಸಿನ 22 ಹೆಂಗಸರು. ವೈದ್ಯರೂ ಎಂಜಿನಿಯರೂ ಆಗಿದ್ದ ರೋಜರ್ ಮಾರ್ಕ್ ಮತ್ತು ಅವರ ಜೊತೆಗಾರ ಜಾರ್ಜ್ ಮೂಡಿ ಈ ಕೆಲಸದ ಮುಖ್ಯ ಕೈಗಳು.

ಗುರುತು ಹಾಕಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಚರಿತ್ರೆಯ ತಿರುಳು ಅಲ್ಲಿದೆ. ಮೊದಲು ಒಂದು ಸರಳ ಪ್ರೋಗ್ರಾಂ ಎಲ್ಲೆಲ್ಲಿ ಬಡಿತವಿದೆ ಎಂದು ಒರಟಾಗಿ ತೋರಿಸುತ್ತಿತ್ತು. ಆಮೇಲೆ ಅರ್ಧ ಗಂಟೆಯ ಒಂದೊಂದು ತುಣುಕನ್ನೂ ಕಾಗದದ ಮೇಲೆ ಮುದ್ರಿಸಿದರು; ಒಂದೊಂದು ಸುರುಳಿಯ ಉದ್ದ ಸುಮಾರು 46 ಮೀಟರ್. ಅದೇ ಸುರುಳಿಯ ಎರಡು ಪ್ರತಿಗಳನ್ನು ಇಬ್ಬರು ಹೃದ್ರೋಗ ತಜ್ಞರಿಗೆ ಬೇರೆ ಬೇರೆ ಕೊಟ್ಟರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದು. ಪ್ರೋಗ್ರಾಂ ಬಿಟ್ಟುಹೋದ ಬಡಿತವನ್ನು ಸೇರಿಸುವುದು, ಬಡಿತವಲ್ಲದ್ದನ್ನು ಹೊಡೆದುಹಾಕುವುದು, ಸಹಜವಲ್ಲದ ಬಡಿತಕ್ಕೆ ಅದರ ಜಾತಿ ಬರೆಯುವುದು, ಲಯ ಬದಲಾದಲ್ಲಿ ಗುರುತು ಹಾಕುವುದು, ಇಷ್ಟನ್ನು ಬಡಿತ ಬಡಿತಕ್ಕೂ ಮಾಡಬೇಕು. ಇಬ್ಬರ ಗುರುತುಗಳನ್ನು ಕಂಪ್ಯೂಟರಿಗೆ ಹಾಕಿ ಹೋಲಿಸಿ, ಭಿನ್ನಾಭಿಪ್ರಾಯ ಇದ್ದ ಜಾಗಗಳನ್ನು ಮತ್ತೆ ಸುರುಳಿಯ ಅಂಚಿನಲ್ಲಿ ತೋರಿಸಿ, ಚರ್ಚಿಸಿ ಒಮ್ಮತಕ್ಕೆ ಬಂದರು. ಹೀಗೆ ಒಂದು ಲಕ್ಷಕ್ಕೂ ಹೆಚ್ಚು ಗುರುತುಗಳು. 1980ರಲ್ಲಿ ಇದೆಲ್ಲ ಮ್ಯಾಗ್ನೆಟಿಕ್ ಟೇಪಿನಲ್ಲಿ ಹೊರಗೆ ಬಂತು, 1989ರಲ್ಲಿ ಸಿ.ಡಿ. ರೂಪ ಪಡೆಯಿತು. ಬಳಸಿದವರು ತೋರಿಸಿಕೊಟ್ಟ ತಪ್ಪುಗಳನ್ನು ಮುಂದಿನ ವರ್ಷಗಳಲ್ಲಿ ತಿದ್ದುತ್ತಲೂ ಬಂದರು.

ಇದು ಗುಮಾಸ್ತಿಕೆಯಲ್ಲವೇ, ಇದಕ್ಕೂ ಕೃತಕ ಬುದ್ಧಿಮತ್ತೆಗೂ ಏನು ಸಂಬಂಧ ಎಂದು ಕೇಳುವವರು ಆಗಲೂ ಇದ್ದಿರಬೇಕು, ಈಗಂತೂ ಇದ್ದಾರೆ. ಬುದ್ಧಿಯ ಕೆಲಸ ಎಂದರೆ ತರ್ಕ; ದಾಖಲೆ ಜೋಡಿಸುವುದು ಅದಕ್ಕೆ ಬರೀ ತಯಾರಿ ಎಂಬುದು ಅವರ ಆಕ್ಷೇಪ. ನಾನು ಒಪ್ಪುವುದಿಲ್ಲ. ಇಬ್ಬರು ಅನುಭವಸ್ಥ ತಜ್ಞರು ಒಂದೇ ಬಡಿತವನ್ನು ಎರಡು ಬಗೆಯಲ್ಲಿ ಓದಿದರೆ, ಸರಿಯಾದ ಉತ್ತರ ಯಾವುದು ಎಂಬುದೇ ಇನ್ನೂ ತೀರ್ಮಾನ ಆಗಿಲ್ಲ ಎಂದರ್ಥ. ಉತ್ತರವೇ ತೀರ್ಮಾನ ಆಗದ ಪ್ರಶ್ನೆಗೆ ಯಂತ್ರ ಉತ್ತರ ಹೇಳಿತು ಎನ್ನುವುದಕ್ಕೆ ಅರ್ಥವಿಲ್ಲ. ಆ ಭಿನ್ನಾಭಿಪ್ರಾಯವನ್ನು ಮೇಲಕ್ಕೆ ತಂದು ಬಗೆಹರಿಸಿದ್ದು ಶುದ್ಧ ಬೌದ್ಧಿಕ ಕೆಲಸ. ಫಲವೂ ಕಣ್ಣ ಮುಂದಿದೆ. 1985ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಿಯಾಪು ಪಾನ್ ಮತ್ತು ವಿಲ್ಲಿಸ್ ಟಾಂಪ್ಕಿನ್ಸ್ ಬಡಿತ ಹಿಡಿಯುವ ತಮ್ಮ ವಿಧಾನವನ್ನು ಪ್ರಕಟಿಸಿದಾಗ, ಈ ದಾಖಲೆಗಳ ಮೇಲೆ ನೂರಕ್ಕೆ 99.3 ಬಡಿತಗಳು ಸರಿಯಾಗಿ ಸಿಕ್ಕವು ಎಂದು ಬರೆದರು. ಆ ಅಂಕಿಯನ್ನು ಯಾರೂ ನಂಬಿಕೆಯ ಮೇಲೆ ಒಪ್ಪಬೇಕಾಗಿರಲಿಲ್ಲ. ಅದೇ ಟೇಪ್ ತರಿಸಿಕೊಂಡು ತಾವೇ ಮಾಡಿ ನೋಡಬಹುದಿತ್ತು, ಅದನ್ನು ಮೀರಿಸಲೂ ಬಹುದಿತ್ತು. ಮುಂದೆ ಅಮೆರಿಕದ ವೈದ್ಯಕೀಯ ಉಪಕರಣಗಳ ಮಾನದಂಡಗಳೂ, ಲಯದೋಷ ಗುರುತಿಸುವ ಯಂತ್ರವನ್ನು ಇಂಥ ಸಾರ್ವಜನಿಕ ದಾಖಲೆಗಳ ಮೇಲೆ ಓಡಿಸಿ ಫಲಿತಾಂಶ ಹೇಳಬೇಕೆಂದು ವಿಧಿಸಿದವು. ತಯಾರಕರ ಮಾತಿಗೆ ಒಂದು ಅಳತೆಗೋಲು ಸಿಕ್ಕಿತು.

ಆದರೆ ಐಸಿಯು ಎಂದರೆ ಇಸಿಜಿ ಒಂದೇ ಅಲ್ಲ. ರಕ್ತದೊತ್ತಡ, ಆಮ್ಲಜನಕ, ಉಸಿರಾಟ, ರಕ್ತಪರೀಕ್ಷೆ, ಕೊಟ್ಟ ಔಷಧ, ದಾದಿಯ ಟಿಪ್ಪಣಿ ಎಲ್ಲ ಸೇರಿದರೆ ಮಾತ್ರ ರೋಗಿಯ ಸ್ಥಿತಿ ತಿಳಿಯುತ್ತದೆ. ಮಾರ್ಕ್ ಮತ್ತು ಮೂಡಿ 1990ರ ದಶಕದಲ್ಲಿ ತೊಂಬತ್ತಕ್ಕೂ ಹೆಚ್ಚು ಐಸಿಯು ರೋಗಿಗಳ ಮಾನಿಟರ್ ಸಂಕೇತಗಳನ್ನು ಹಿಡಿದು ಮಿಮಿಕ್ ಎಂಬ ಮೊದಲ ಸಂಗ್ರಹ ಮಾಡಿದರು. 1999ರಲ್ಲಿ ಹೃದ್ರೋಗ ತಜ್ಞ ಏರಿ ಗೋಲ್ಡ್‌ಬರ್ಗರ್ ಮುಂತಾದವರ ಜೊತೆ ಸೇರಿ ಫಿಸಿಯೋನೆಟ್ ಎಂಬ ಮುಕ್ತ ಭಂಡಾರವನ್ನು ತೆರೆದರು. ಅದಾದ ಮೇಲೆ 2003ರಲ್ಲಿ, ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯ ಹಣದಿಂದ, ಮಿಮಿಕ್ ಸಂಗ್ರಹವನ್ನು ಬೆಳೆಸಲು ದೊಡ್ಡ ಸಹಯೋಗ ಒಂದು ಆರಂಭವಾಯಿತು. ಎಂಐಟಿ, ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ ಮತ್ತು ಮಾನಿಟರ್ ತಯಾರಿಸುವ ಫಿಲಿಪ್ಸ್ ಅದರ ಮೂರು ಕಾಲುಗಳು. ಆಸ್ಪತ್ರೆಯ ಬಳಿ ರೋಗಿಗಳೂ ದಾಖಲೆಗಳೂ ಇದ್ದವು. ಮಾನಿಟರಿನಿಂದ ತರಂಗಗಳನ್ನು ಹೊರತೆಗೆಯುವ ಕೀಲಿ ಕಂಪನಿಯ ಬಳಿ ಇತ್ತು. ಇವನ್ನೆಲ್ಲ ಒಬ್ಬೊಬ್ಬ ರೋಗಿಯ ಲೆಕ್ಕಕ್ಕೆ ಜೋಡಿಸಿ ಅರ್ಥ ಹಚ್ಚುವ ವಿದ್ಯೆ ಎಂಐಟಿಯದು. ಕಂಪ್ಯೂಟರ್ ವಿಜ್ಞಾನ ಪ್ರಯೋಗಾಲಯ ಮತ್ತು ಕೃತಕ ಬುದ್ಧಿಮತ್ತೆ ಪ್ರಯೋಗಾಲಯ ಒಂದಾದದ್ದೂ ಅದೇ 2003ರಲ್ಲಿ. ಅಲ್ಲಿ ಪೀಟರ್ ಸೊಲೊವಿಟ್ಸ್ ಅವರ ಗುಂಪು 1970ರ ದಶಕದಿಂದಲೂ ವೈದ್ಯಕೀಯ ತರ್ಕದ ಮೇಲೆ ದುಡಿದಿತ್ತು.

ಆ ಗುಂಪಿನ ಕೊಡುಗೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ರೋಗ ಹೇಳುವ ಪ್ರೋಗ್ರಾಂ ಅಲ್ಲ, ಹೆಸರು ಅಳಿಸುವ ಪ್ರೋಗ್ರಾಂ. ದಾಖಲೆಯನ್ನು ಲೋಕಕ್ಕೆ ಕೊಡಬೇಕಾದರೆ ಅದರಲ್ಲಿ ರೋಗಿಯ ಗುರುತು ಉಳಿಯಬಾರದು. ಅಂಕಿಗಳ ಪಟ್ಟಿಯಲ್ಲಿ ಹೆಸರಿನ ಕಾಲಂ ತೆಗೆದುಬಿಡಬಹುದು. ದಾದಿಯರ ಟಿಪ್ಪಣಿಯಲ್ಲಿ ಅದು ಸುಲಭವಲ್ಲ. ಅವಸರದಲ್ಲಿ ಬರೆದ ಸಂಕ್ಷೇಪಗಳು, ಕಾಗುಣಿತದ ತಪ್ಪುಗಳು, ಭೇಟಿಗೆ ಬಂದ ಮಗಳ ಹೆಸರು, ಊರು, ಫೋನ್ ನಂಬರ್ ಎಲ್ಲ ಒಂದರೊಳಗೊಂದು ಬೆರೆತಿರುತ್ತವೆ. ಪಾರ್ಕಿನ್ಸನ್ ಎಂದಿದ್ದರೆ ಅದು ಕಾಯಿಲೆಯೋ ರೋಗಿಯ ಮನೆತನದ ಹೆಸರೋ? ಎಂಐಟಿಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬನೇ ಮನುಷ್ಯ ಓದಿ ಅಳಿಸಿದರೆ ಗುರುತಿನ ವಿವರಗಳಲ್ಲಿ ನೂರಕ್ಕೆ 81ನ್ನು ಮಾತ್ರ ಹಿಡಿಯುತ್ತಾನೆ, ಇಬ್ಬರು ಸೇರಿದರೆ 94, ತಮ್ಮ ಪ್ರೋಗ್ರಾಂ 97ರ ಹತ್ತಿರ ಹಿಡಿಯುತ್ತದೆ ಎಂದು ತೋರಿಸಿದರು. ಇದರ ಜೊತೆಗೆ ದಿನಾಂಕಗಳನ್ನೂ ಸರಿಸಿದರು. 2016ರಲ್ಲಿ ಬಂದ, 40,000ಕ್ಕೂ ಹೆಚ್ಚು ರೋಗಿಗಳಿರುವ ಮಿಮಿಕ್‌ನ ಮೂರನೆಯ ಆವೃತ್ತಿಯನ್ನು ತೆರೆದರೆ ಎಲ್ಲ ರೋಗಿಗಳೂ 2100ರಿಂದ 2200ರ ನಡುವೆ ಆಸ್ಪತ್ರೆ ಸೇರಿರುತ್ತಾರೆ. ವಾರದ ದಿನ, ದಿನದ ಹೊತ್ತು, ಹೆಚ್ಚುಕಡಿಮೆ ಋತು ಇವನ್ನು ಕೆಡಿಸಿಲ್ಲ, ಏಕೆಂದರೆ ಭಾನುವಾರ ರಾತ್ರಿ ಬಂದ ರೋಗಿಗೂ ಮಂಗಳವಾರ ಬೆಳಗ್ಗೆ ಬಂದ ರೋಗಿಗೂ ಸಿಗುವ ಆರೈಕೆ ಒಂದೇ ಅಲ್ಲದಿರಬಹುದು. 89 ದಾಟಿದವರ ವಯಸ್ಸು 300ಕ್ಕೂ ಮೇಲೆ ಕಾಣುತ್ತದೆ. ಅಷ್ಟು ವಯಸ್ಸಾದವರು ಕಡಿಮೆ ಇರುವುದರಿಂದ ವಯಸ್ಸೇ ಗುರುತು ಹೇಳಿಬಿಡಬಹುದೆಂಬ ಎಚ್ಚರ.

ಮಿಮಿಕ್ ಸಂಗ್ರಹದಿಂದ ಸುಳ್ಳು ಅಲಾರಮ್ಮಿಗೆ ಏನಾಯಿತು? 2008ರದೇ ಇನ್ನೊಂದು ಕೆಲಸ ನೋಡಿ. 447 ವಯಸ್ಕ ರೋಗಿಗಳ ದಾಖಲೆಯಿಂದ, ಜೀವಕ್ಕೆ ಅಪಾಯವೆಂದು ಮಾನಿಟರ್ ಕೂಗಿದ 5,386 ಅಲಾರಂಗಳನ್ನು ತಜ್ಞರು ಒಂದೊಂದಾಗಿ ಪರಿಶೀಲಿಸಿದರು. ಅವುಗಳಲ್ಲಿ ಶೇಕಡಾ 42.7 ಸುಳ್ಳು. ಸಂಶೋಧಕರ ಉಪಾಯ ಸರಳ. ಎದೆಗೆ ಅಂಟಿಸಿದ ಎಲೆಕ್ಟ್ರೋಡ್ ಸಡಿಲವಾದರೆ, ರೋಗಿ ಮಗ್ಗುಲಾದರೆ ಇಸಿಜಿ ಕೆಡುತ್ತದೆ. ಹೃದಯ ನಿಂತಿತೆಂದು ಮಾನಿಟರ್ ಕೂಗುತ್ತದೆ. ಅದೇ ಹೊತ್ತಿನಲ್ಲಿ ಅಪಧಮನಿಯೊಳಗಿನ ನಳಿಗೆ ರಕ್ತದೊತ್ತಡದ ಅಲೆಯನ್ನು ಕ್ರಮವಾಗಿ ತೋರಿಸುತ್ತಿದ್ದರೆ ಹೃದಯ ನಿಂತಿಲ್ಲ. ಒಂದು ಸಂಕೇತ ಹೇಳಿದ್ದನ್ನು ಇನ್ನೊಂದರಿಂದ ಪರೀಕ್ಷಿಸಿದಾಗ ಸುಳ್ಳಿನ ಪ್ರಮಾಣ ಶೇಕಡಾ 17.2ಕ್ಕೆ ಇಳಿಯಿತು. ನಿಜವಾದ ಅಲಾರಂಗಳಲ್ಲಿ ಒಂದೂ ಅಡಗಲಿಲ್ಲ, ಒಂದು ಜಾತಿಯನ್ನು ಬಿಟ್ಟು: ಹೃದಯದ ಕೆಳಕೋಣೆಗಳು ವಿಪರೀತ ವೇಗದಲ್ಲಿ ಬಡಿಯುವ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾದಲ್ಲಿ ನೂರಕ್ಕೆ 9.4 ನಿಜವಾದ ಕೂಗುಗಳೂ ಅಡಗಿಹೋದವು. ಆ ಕೊನೆಯ ಅಂಕಿಯನ್ನು ಮುಚ್ಚಿಡದೆ ಬರೆದದ್ದರಿಂದಲೇ ಮುಂದಿನವರಿಗೆ ಎಲ್ಲಿ ದುಡಿಯಬೇಕೆಂದು ಗೊತ್ತಾಯಿತು. 2000ದಿಂದ ಪ್ರತಿವರ್ಷ ಲೋಕದ ಸಂಶೋಧಕರಿಗೆಲ್ಲ ಒಂದು ಸವಾಲು ಒಡ್ಡುತ್ತ ಬಂದಿರುವ ಫಿಸಿಯೋನೆಟ್, 2015ರ ಸವಾಲಾಗಿ ಇಟ್ಟದ್ದು ಇದನ್ನೇ: ನಾಲ್ಕು ಆಸ್ಪತ್ರೆಗಳ ಅಲಾರಂಗಳು, ಕಲಿಯಲು 750, ಪರೀಕ್ಷೆಗೆ 500 ಬೇರೆ. ಪರೀಕ್ಷೆಯವನ್ನು ಸ್ಪರ್ಧಿಗಳಿಗೆ ತೋರಿಸಲಿಲ್ಲ.

ತೋರಿಸದೆ ಇಟ್ಟದ್ದರ ಹಿಂದೆ ಗಂಭೀರವಾದ ಆಕ್ಷೇಪವೊಂದಿದೆ. ಎಲ್ಲರೂ ಅದೇ 48 ತುಣುಕುಗಳ ಮೇಲೆ ದಶಕಗಟ್ಟಲೆ ಅಭ್ಯಾಸ ಮಾಡಿದರೆ, ಪ್ರಶ್ನೆಪತ್ರಿಕೆ ಬಾಯಿಪಾಠವಾಗುತ್ತದೆ. 99ಕ್ಕೂ ಮೇಲಿನ ಅಂಕ ಬಂದರೂ ಹೊಸ ರೋಗಿಯ ಮುಂದೆ ಯಂತ್ರ ತಡವರಿಸಬಹುದು. ಮಿಮಿಕ್ ಕೂಡ ಒಂದೇ ಊರಿನ ಒಂದೇ ಆಸ್ಪತ್ರೆಯದು. ಅಲ್ಲಿನ ರೋಗಿಗಳ ಮೈಬಣ್ಣ, ಕಾಯಿಲೆ, ಆರೈಕೆಯ ಪದ್ಧತಿ ಎಲ್ಲ ಕಡೆಯವಲ್ಲ. ಆಕ್ಷೇಪ ಪೂರ್ತಿ ನಿಜ. ಆದರೆ ಇದು ಮುಕ್ತ ದಾಖಲೆಗೆ ವಿರುದ್ಧವಾದ ವಾದವಲ್ಲ, ಇನ್ನಷ್ಟು ಮುಕ್ತ ದಾಖಲೆ ಬೇಕೆಂಬ ವಾದ. 48 ತುಣುಕುಗಳ ಮಿತಿ ನಮಗೆ ಗೊತ್ತಾದದ್ದೇ ಅವು ಎಲ್ಲರ ಕೈಗೂ ಸಿಕ್ಕಿದ್ದರಿಂದ. ಒಂದೇ ಆಸ್ಪತ್ರೆಯ ಕೊರತೆಗೆ ಉತ್ತರವಾಗಿ ಎಂಐಟಿ ಮತ್ತು ಫಿಲಿಪ್ಸ್ 2018ರಲ್ಲಿ ಅಮೆರಿಕದ 208 ಆಸ್ಪತ್ರೆಗಳ, ಎರಡು ಲಕ್ಷಕ್ಕೂ ಹೆಚ್ಚು ಐಸಿಯು ದಾಖಲಾತಿಗಳ ಇನ್ನೊಂದು ಸಂಗ್ರಹವನ್ನು ಹೊರತಂದವು.

ರೋಗಿಯ ಒಪ್ಪಿಗೆಯ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಮಿಮಿಕ್‌ನ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿಲ್ಲ. ಆರೈಕೆಗೆ ತೊಂದರೆಯಿಲ್ಲ, ಗುರುತು ಅಳಿಸಿದೆ ಎಂಬ ಆಧಾರದ ಮೇಲೆ ನೈತಿಕ ಸಮಿತಿಗಳು ಒಪ್ಪಿಗೆ ಕೇಳಬೇಕೆಂಬ ನಿಯಮಕ್ಕೆ ವಿನಾಯಿತಿ ಕೊಟ್ಟವು. ಮಿಮಿಕ್ ಬೇಕಾದವರು ಮನುಷ್ಯರ ಮೇಲಿನ ಸಂಶೋಧನೆಯ ನೀತಿಪಾಠ ಮುಗಿಸಿ, ಯಾರ ಗುರುತನ್ನೂ ಹುಡುಕುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಬೇಕು. 2023ರಲ್ಲಿ, ಈ ದಾಖಲೆಗಳನ್ನು ಹೊರಗಿನ ಚಾಟ್‌ಬಾಟ್ ಸೇವೆಗಳಿಗೆ ಸುರಿಯಬಾರದೆಂದು ಫಿಸಿಯೋನೆಟ್ ಎಚ್ಚರಿಸಬೇಕಾಯಿತು. ನೂರಕ್ಕೆ 97 ಅಳಿಸಿದರೂ ಮೂರು ಉಳಿಯುತ್ತವೆ ಎಂಬುದನ್ನು ಮರೆಯಬಾರದು. ನನ್ನ ಅಭಿಪ್ರಾಯದಲ್ಲಿ ಈ ಆಕ್ಷೇಪಕ್ಕೆ ಪೂರ್ತಿ ಸಮಾಧಾನ ಇನ್ನೂ ಸಿಕ್ಕಿಲ್ಲ. ಆಸ್ಪತ್ರೆ ತನ್ನ ರೋಗಿಗಳಿಗೂ ಮನೆಯವರಿಗೂ ಹೀಗೆ ಮಾಡುತ್ತೇವೆಂದು ಮುಂಚೆಯೇ ಬಿಚ್ಚಿ ಹೇಳುವುದು, ಬೇಡವೆಂದವರನ್ನು ಬಿಡುವುದು ಕನಿಷ್ಠ ಮರ್ಯಾದೆ. ಆದರೆ ದಾಖಲೆಯನ್ನು ಮುಚ್ಚಿಟ್ಟ ಮಾತ್ರಕ್ಕೆ ರೋಗಿಯ ಗುಟ್ಟು ಉಳಿಯಿತೆಂದುಕೊಳ್ಳುವುದು ತಪ್ಪು. ಬಹಳ ಸಲ ಅದು ಒಂದು ಕಂಪನಿಯ ಒಳಗೆ ಯಾರ ಕಣ್ಣಿಗೂ ಬೀಳದೆ ಬಳಕೆಯಾಗುತ್ತಿರುತ್ತದೆ, ಅಷ್ಟೆ.

ಇಷ್ಟೆಲ್ಲ ಆದ ಮೇಲೆ ಐಸಿಯು ತಣ್ಣಗಾಯಿತೇ ಎಂದರೆ ಇಲ್ಲ. 2014ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 31 ದಿನಗಳಲ್ಲಿ 461 ರೋಗಿಗಳಿಂದ 25 ಲಕ್ಷಕ್ಕೂ ಹೆಚ್ಚು ಅಲಾರಂ ಸಂಕೇತಗಳನ್ನು ಲೆಕ್ಕ ಹಾಕಿದರು. ಕೇಳಿಸುವಂಥವೇ ದಿನಕ್ಕೆ ಮಂಚವೊಂದಕ್ಕೆ 187. ಪರಿಶೀಲಿಸಿದ 12,671 ಲಯದೋಷದ ಅಲಾರಂಗಳಲ್ಲಿ ಶೇಕಡಾ 88.8 ಸುಳ್ಳು. ಹಾಗಾದರೆ ನಾಲ್ಕು ದಶಕಗಳ ದಾಖಲೆಯಿಂದ ಬಂದ ಲಾಭವೇನು ಎಂದು ಕೇಳುವುದು ನ್ಯಾಯವೇ. ಉತ್ತರ, ಅಡಗಿಹೋದ ಆ ನೂರಕ್ಕೆ 9.4 ನಿಜವಾದ ಕೂಗುಗಳಲ್ಲಿದೆ. ಒಂದು ನಿಜವಾದ ಕೂಗು ಅಡಗಿ ರೋಗಿ ಸತ್ತರೆ ತಯಾರಕರು ಕೋರ್ಟಿಗೆ ಹೋಗಬೇಕು. ನೂರು ಸುಳ್ಳು ಕೂಗಿಗೆ ಅವರನ್ನು ಯಾರೂ ಕೇಳುವುದಿಲ್ಲ, ಆ ಭಾರವೆಲ್ಲ ದಾದಿಯರ ಕಿವಿಯ ಮೇಲೆ. ಅರಿವು ಪ್ರಯೋಗಾಲಯದಲ್ಲಿ ತಯಾರಿದೆ, ಅದನ್ನು ಮಾನಿಟರಿನೊಳಗೆ ಇಳಿಸುವ ಜಾಗ ಮುಚ್ಚಿದೆ. ಮುಚ್ಚಿದ ಜಾಗದ ಅಪಾಯಕ್ಕೆ ಇನ್ನೊಂದು ಸಾಕ್ಷಿ 2021ರದು: ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ, ರಕ್ತನಂಜಿನ ಮುನ್ಸೂಚನೆ ಕೊಡುವ ಖಾಸಗಿ ಪ್ರೋಗ್ರಾಂ ಒಂದನ್ನು ಮಿಷಿಗನ್ ವಿಶ್ವವಿದ್ಯಾಲಯದವರು ಸ್ವತಂತ್ರವಾಗಿ ಪರೀಕ್ಷಿಸಿದಾಗ, ಅದು ಕಾಯಿಲೆ ಬಂದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಯನ್ನು ಗುರುತಿಸದೇ ಬಿಟ್ಟಿತ್ತು. ಅದರ ಒಳಗುಟ್ಟು ಹೊರಗಿನವರಿಗೆ ತೆರೆದಿರಲಿಲ್ಲ. ಬಳಕೆಗೆ ಬಂದದ್ದು ಮೊದಲು, ಇಂಥ ಪರೀಕ್ಷೆ ಆಮೇಲೆ.

ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಡಿತ ಗುರುತಿಸುವ ಪ್ರೋಗ್ರಾಂ ಬರೆಯುವಾಗ ಬಾಸ್ಟನ್ನಿನ ಆ 47 ಮಂದಿಯ ಇಸಿಜಿಯನ್ನೇ ಬಳಸುತ್ತಾರೆ, ಒಂದು ಪೈಸೆ ಕೊಡದೆ. ಅಷ್ಟು ದೂರದ ಆಸ್ಪತ್ರೆಯ ಔದಾರ್ಯದಿಂದ ನಾವು ಕಲಿತಿದ್ದೇವೆ. ಆದರೆ ಆ ಹೃದಯಗಳ ಮೇಲೆ ಪಾಸಾದ ಯಂತ್ರ ಕಲಬುರಗಿಯ ಅಥವಾ ಶಿವಮೊಗ್ಗದ ಐಸಿಯುನಲ್ಲಿ ಸರಿಯಾಗಿ ಕೂಗುತ್ತದೆ ಎಂಬ ಖಾತರಿಯನ್ನು ಬಾಸ್ಟನ್ ಕೊಡಲಾರದು. ಕೃತಕ ಬುದ್ಧಿಮತ್ತೆಯ ಮಾನಿಟರ್ ಎಂದು ಮಾರಲು ಬಂದವರನ್ನು ನಮ್ಮ ಆಸ್ಪತ್ರೆಗಳು ಮೂರು ಪ್ರಶ್ನೆ ಕೇಳಲಿ: ಇದನ್ನು ಯಾವ ರೋಗಿಗಳ ಮೇಲೆ ಪರೀಕ್ಷಿಸಿದಿರಿ, ಆ ಪರೀಕ್ಷೆಯನ್ನು ಬೇರೆಯವರು ಮತ್ತೆ ಮಾಡಿ ನೋಡಬಹುದೇ, ಎಷ್ಟು ನಿಜವಾದ ಅಲಾರಂ ಇದರಿಂದ ಅಡಗುತ್ತದೆ? ನಮ್ಮ ವೈದ್ಯಕೀಯ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ಕೂಡಿ, ರೋಗಿಗಳಿಗೆ ತಿಳಿಸಿ, ಗುರುತು ಅಳಿಸಿ, ಇಬ್ಬಿಬ್ಬರು ತಜ್ಞರಿಂದ ಗುರುತು ಹಾಕಿಸಿ, ನಮ್ಮದೇ 48 ತುಣುಕುಗಳನ್ನಾದರೂ ಲೋಕದ ಮುಂದಿಡಲಿ.